ಯಾರಿಗೂ ಭಾರವಾಗದ ಮುಪ್ಪು

ಮೆಲ್ಬರ್ನಿನಲ್ಲಿರುವ ನನ್ನ ಅಕ್ಕ ಫೋನಿನಲ್ಲಿ ಆಗಾಗ ಒಂದು ಮಾತು ಹೇಳುತ್ತಾಳೆ: "ತಮ್ಮಾ, ಮುಪ್ಪಿನಾಗ ನಾ ಯಾರಿಗೂ ಭಾರ ಆಗಬಾರದು ನೋಡು." ಹಾವೇರಿಯಲ್ಲಿ ನಮ್ಮ ಅವ್ವನೂ ಇದೇ ಮಾತು ಹೇಳುತ್ತಿದ್ದಳು. ಅವ್ವನ ಬಾಯಲ್ಲಿ ಅದು ದೇವರಿಗೆ ಬೇಡಿಕೊಳ್ಳುವ ಮಾತಾಗಿತ್ತು. ಕೈಕಾಲು ಗಟ್ಟಿ ಇರುವಾಗಲೇ ಕಣ್ಣು ಮುಚ್ಚಲಿ ಎಂದು ಅದರ ಅರ್ಥ. ಅಕ್ಕನ ಬಾಯಲ್ಲಿ ಅದೊಂದು ಯೋಜನೆ. ಅದಕ್ಕೆ ಬಡ್ಡಿ ದರ ಇದೆ, ಸಾಲದ ಕಂತು ಇದೆ, ತೆರಿಗೆ ಲೆಕ್ಕ ಇದೆ, ಬಾಡಿಗೆಗೆ ಕೊಟ್ಟ ಎರಡನೆಯ ಮನೆಯೊಂದಿದೆ. ಆ ಲೆಕ್ಕ ನೋಡಿಕೊಡುವವನು ನಾನು.

ನಾನು ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಆಸ್ಟ್ರೇಲಿಯಾದ ಲೆಕ್ಕಪರಿಶೋಧಕರಿಗೆ ಇಲ್ಲಿಂದ ತೆರಿಗೆ ಫೈಲುಗಳನ್ನು ಸಿದ್ಧ ಮಾಡಿಕೊಡುವ ಕಚೇರಿಯಲ್ಲಿ ಕೆಲಸ. ಅಲ್ಲಿ ಆರ್ಥಿಕ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಜುಲೈ ಬಂದರೆ ನಮಗೆ ಸುಗ್ಗಿ. ಹೊರಗೆ ಪುಣೆಯ ಮಳೆ ಸುರಿಯುತ್ತಿರುತ್ತದೆ, ಒಳಗೆ ನಾನು ಬ್ರಿಸ್ಬೇನಿನ ಬಸ್ ಚಾಲಕನ, ಗೀಲಾಂಗಿನ ನರ್ಸಿನ, ಪರ್ತಿನ ಎಲೆಕ್ಟ್ರಿಷಿಯನ್‌ನ ಬಾಡಿಗೆ ಆದಾಯ, ಬಡ್ಡಿ, ರಿಪೇರಿ, ಸವಕಳಿ ತುಂಬಿಸುತ್ತಿರುತ್ತೇನೆ. ಇವರು ಯಾರೂ ಸಾಹುಕಾರರಲ್ಲ. ಸಂಬಳದ ಜನ. ಮುಪ್ಪಿಗೆಂದು ಒಂದು ಮನೆಯನ್ನೋ ಎರಡು ಮನೆಗಳನ್ನೋ ಸಾಲ ಮಾಡಿ ಹಿಡಿದುಕೊಂಡವರು.

ಅವರ ಭಯ ನನಗೆ ಅರ್ಥವಾಗುತ್ತದೆ, ಏಕೆಂದರೆ ಅಕ್ಕನ ಭಯವೂ ಅದೇ. ಅವಳು ಭಾವನ ಜೊತೆ 2013ರಲ್ಲಿ ಅಲ್ಲಿಗೆ ಹೋದಾಗ ಅವಳಿಗೆ ಮೂವತ್ತೆಂಟು. ಆ ದೇಶದಲ್ಲಿ ಸಂಬಳದ ಮೇಲೆ ಕಂಪನಿಯವರು ಕಡ್ಡಾಯವಾಗಿ ಒಂದಿಷ್ಟು ಹಣವನ್ನು ನೌಕರರ ನಿವೃತ್ತಿ ಖಾತೆಗೆ ಕಟ್ಟಬೇಕು. ಅದಕ್ಕೆ ಸೂಪರ್ ಎನ್ನುತ್ತಾರೆ. 1992ರಲ್ಲಿ ಈ ಕಡ್ಡಾಯ ಶುರುವಾದಾಗ ಸಣ್ಣ ಮಾಲೀಕರಿಗೆ ಶೇ. 3 ಇತ್ತು. ಅಕ್ಕ ಹೋದ ವರ್ಷ ಶೇ. 9.25, 2025ರ ಜುಲೈಯಿಂದ ಶೇ. 12. ಸಾಮಾನ್ಯವಾಗಿ ಅರವತ್ತರ ತನಕ ಅದನ್ನು ಮುಟ್ಟುವಂತಿಲ್ಲ. ಇಪ್ಪತ್ತರಲ್ಲಿ ಕೆಲಸ ಶುರು ಮಾಡಿದವರಿಗೆ ಅದು ನಲವತ್ತು ವರ್ಷ ಬೆಳೆಯುತ್ತದೆ. ಮೂವತ್ತೆಂಟಕ್ಕೆ ಶುರು ಮಾಡಿದವಳಿಗೆ ಅರ್ಧ ದಾರಿ ಮೊದಲೇ ಹೋಗಿಬಿಟ್ಟಿತ್ತು.

ಅದರ ಮೇಲೆ 2020 ಬಂತು. ಭಾವನ ಕೆಲಸ ಹೋಯಿತು, ಎಂಟು ತಿಂಗಳು ಮನೆಯಲ್ಲಿ ಕೂತ. ಆ ವರ್ಷ ಸರ್ಕಾರ ಕಷ್ಟದಲ್ಲಿದ್ದವರಿಗೆ ಸೂಪರ್ ಖಾತೆಯಿಂದ ಎರಡು ಕಂತಿನಲ್ಲಿ ಹತ್ತು ಹತ್ತು ಸಾವಿರ ಡಾಲರ್ ತೆಗೆಯಲು ಬಿಟ್ಟಿತ್ತು. ದೇಶದ ಜನ ಒಟ್ಟು ಸುಮಾರು 36 ಬಿಲಿಯನ್ ಡಾಲರ್ ತೆಗೆದರು. ಅದರಲ್ಲಿ 20,000 ಭಾವನದು. ಅಂಥ ವರ್ಷ ಕಳೆದವರಿಗೆ "ಯಾರಿಗೂ ಭಾರ ಆಗಬಾರದು" ಎಂಬ ಮಾತು ರಾತ್ರಿ ನಿದ್ದೆ ಕೆಡಿಸುತ್ತದೆ. 2022ರ ಆರಂಭದಲ್ಲಿ, ಬಡ್ಡಿ ತೀರ ಕಡಿಮೆ ಇದ್ದಾಗ, ಮೆಲ್ಬರ್ನಿನ ಪಶ್ಚಿಮದ ಬಡಾವಣೆಯೊಂದರಲ್ಲಿ ಭಾವನ ಹೆಸರಿನಲ್ಲಿ ಅವರು ಎರಡು ಕೋಣೆಯ ಹಳೆಯ ಯೂನಿಟ್ ಒಂದನ್ನು ಕೊಂಡರು. ಮನೆಯ ಜೊತೆಗೆ ಅದರಲ್ಲಿ ಬಾಡಿಗೆಗಿದ್ದ ಹೆಂಗಸೂ ಬಂದಳು. ಒಬ್ಬಳೇ ಇರುವವಳು, ಅರವತ್ತು ದಾಟಿದವಳು, ಶಾಲೆಯ ಕ್ಯಾಂಟೀನಿನಲ್ಲಿ ವಾರಕ್ಕೆ ಮೂರು ದಿನ ಕೆಲಸ.

ಮೇ 2022ರಿಂದ ಅಲ್ಲಿನ ರಿಸರ್ವ್ ಬ್ಯಾಂಕು ಬಡ್ಡಿ ಏರಿಸುತ್ತ ಹೋಯಿತು. ಶೇ. 0.10 ಇದ್ದ ದರ 2023ರ ನವೆಂಬರಿಗೆ ಶೇ. 4.35 ಆಯಿತು. ಮನೆ ಸಾಲದ ಬಡ್ಡಿ ಶೇ. 6 ದಾಟಿತು. 2024–25ರ ಲೆಕ್ಕ ನನ್ನ ಮುಂದೆ ಹೀಗೆ ಬಂತು: ವಾರಕ್ಕೆ 430 ಡಾಲರಿನಂತೆ ವರ್ಷದ ಬಾಡಿಗೆ 22,360. ಬಡ್ಡಿ 24,000, ಮುನ್ಸಿಪಾಲಿಟಿ ತೆರಿಗೆ, ಕಟ್ಟಡದ ಸಂಘದ ವಂತಿಗೆ, ವಿಮೆ, ಏಜೆಂಟನ ಕಮಿಷನ್ ಸೇರಿ 7,000, ಸವಕಳಿ 3,000. ಕಾಗದದ ಮೇಲೆ ನಷ್ಟ 11,640.

ಈ ನಷ್ಟವನ್ನು ಭಾವನ ಸಂಬಳದಿಂದ ಕಳೆಯಬಹುದಿತ್ತು. ಅದಕ್ಕೆ ನೆಗೆಟಿವ್ ಗೇರಿಂಗ್ ಎಂದು ಹೆಸರು. ಅವನ ತೆರಿಗೆ ಶೇ. 30, ಮೇಲೆ ಆರೋಗ್ಯ ಸುಂಕ ಶೇ. 2. ಹಾಗಾಗಿ ಸುಮಾರು 3,725 ಡಾಲರ್ ತೆರಿಗೆ ಉಳಿಯಿತು. ಸವಕಳಿ ಬಿಟ್ಟು ಉಳಿದ ನಷ್ಟ ಕೈಯಿಂದ. ಮುಂದೊಂದು ದಿನ ಮನೆಯ ಬೆಲೆ ಏರಿದಾಗ ಮಾರಿದರೆ, ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಆಸ್ತಿಯ ಲಾಭದಲ್ಲಿ ಅರ್ಧಕ್ಕೆ ಮಾತ್ರ ತೆರಿಗೆ ಎಂಬುದು 1999ರಲ್ಲಿ ಬಂದ ನಿಯಮ. ಇಂದು ಸೋತು ನಾಳೆ ಗೆಲ್ಲುವ ಈ ಲೆಕ್ಕವನ್ನು ನಾನು ನೂರಾರು ಫೈಲುಗಳಲ್ಲಿ ನೋಡಿದ್ದೇನೆ.

ಏಜೆಂಟ್ ಬರೆದಿದ್ದ: ಆ ಬೀದಿಯಲ್ಲಿ ಇಂಥ ಯೂನಿಟ್ಟಿಗೆ 480 ಬರುತ್ತಿದೆ, ನೀವು 50 ಕಡಿಮೆ ತೆಗೆದುಕೊಳ್ಳುತ್ತಿದ್ದೀರಿ. ಅಲ್ಲಿ ಬಾಡಿಗೆಯನ್ನು ವರ್ಷಕ್ಕೊಮ್ಮೆ ಮಾತ್ರ ಏರಿಸಬಹುದು. ಅಕ್ಕ ನೋಟಿಸು ಕೊಡಿಸಿದಳು. ಕೆಲವು ದಿನಗಳ ಮೇಲೆ ಆ ಹೆಂಗಸಿನ ಪತ್ರ ಏಜೆಂಟನ ಮೂಲಕ ಬಂತು. ಅಕ್ಕ ಅದನ್ನು ವಾಟ್ಸ್ಆ್ಯಪಿನಲ್ಲಿ ನನಗೆ ಕಳಿಸಿದಳು. ಅದರಲ್ಲಿ ದೂರು ಇರಲಿಲ್ಲ. ಒಂಬತ್ತು ವರ್ಷದಿಂದ ಇಲ್ಲಿದ್ದೇನೆ, ಹಿತ್ತಲಿನ ನಿಂಬೆ ಗಿಡ ನಾನು ನೆಟ್ಟದ್ದು, ವಾರಕ್ಕೆ 20 ಡಾಲರ್ ಹೆಚ್ಚು ಕೊಡಬಲ್ಲೆ, 50 ನನ್ನಿಂದ ಆಗುವುದಿಲ್ಲ, ಅರವತ್ತೇಳಕ್ಕೆ ಪೆನ್ಷನ್ ಬರುವ ತನಕ ದಯವಿಟ್ಟು ಯೋಚಿಸಿ ಎಂದು ಬರೆದಿದ್ದಳು.

ಅಕ್ಕ ಕೇಳಿದಳು: "ನೀ ಲೆಕ್ಕ ಬಲ್ಲಾಂವ. ಏನ್ ಮಾಡ್ಲಿ ಹೇಳು."

ಜುಲೈ ತಿಂಗಳು. ನನ್ನ ಮುಂದೆ ಆ ದಿನ ಇನ್ನೂ ಹನ್ನೊಂದು ಫೈಲು ಇದ್ದವು. ನಾನು ಹೇಳಿದೆ: "ಮಾರ್ಕೆಟ್ ರೇಟಿಗಿಂತ ಕಡಿಮಿ ತಗೊಂಡ್ರ ನಿನ್ನ ಮುಪ್ಪಿಗೆ ಯಾರು ಕೊಡ್ತಾರ? 480 ಮಾಡು." ಅಕ್ಕ ಮಾಡಿದಳು. ಸೆಪ್ಟೆಂಬರಿನಲ್ಲಿ ಆಕೆ ಮನೆ ಬಿಟ್ಟಳು. ಎಲ್ಲಿಗೆ ಹೋದಳೆಂದು ಏಜೆಂಟ್ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಒಂದು ಭಾನುವಾರ ಸುಮ್ಮನೆ ಕೂತಾಗ ಆ ಐವತ್ತು ಡಾಲರನ್ನು ಮತ್ತೆ ಲೆಕ್ಕ ಹಾಕಿದೆ. ವರ್ಷಕ್ಕೆ 2,600. ಬಾಡಿಗೆ ಹೆಚ್ಚಾದರೆ ನಷ್ಟ ಅಷ್ಟೇ ಕಡಿಮೆಯಾಗುತ್ತದೆ, ತೆರಿಗೆ ರಿಯಾಯಿತಿಯಲ್ಲಿ 832 ಹೋಗುತ್ತದೆ. ಅಕ್ಕನ ಮನೆಗೆ ನಿಜವಾಗಿ ಉಳಿಯುವುದು 1,768 ಡಾಲರ್. ಮನೆ ಮೂರು ವಾರ ಖಾಲಿ ಇದ್ದದ್ದು, ಹೊಸ ಬಾಡಿಗೆದಾರರನ್ನು ಹುಡುಕಿದ್ದಕ್ಕೆ ಏಜೆಂಟನ ಫೀ, ಇವೆಲ್ಲ ಕಳೆದರೆ ಮೊದಲ ವರ್ಷ ಅದೂ ಇಲ್ಲ. ಇದನ್ನು ಕೇಳಿದ ಗೆಳೆಯನೊಬ್ಬ, "ಹಾಗಾದರೆ ನಿನ್ನ ಸಲಹೆ ತಪ್ಪು, ಅಷ್ಟೇ" ಎಂದ. ನನಗೆ ಹಾಗೆ ಬಿಟ್ಟುಬಿಡಲು ಆಗಲಿಲ್ಲ. ಲಾಭ ಚೆನ್ನಾಗಿ ಬಂದಿದ್ದರೆ ಸಲಹೆ ಸರಿಯಾಗುತ್ತಿತ್ತೇ?

ನಾವೆಲ್ಲ ಉಳಿತಾಯವನ್ನು ಯಾರಿಗೂ ಕೇಡು ಮಾಡದ ಗುಣವೆಂದು ಕಲಿತು ಬೆಳೆದವರು. ಖರ್ಚು ಮಾಡುವವನಲ್ಲಿ ದೋಷ ಹುಡುಕಬಹುದು, ಕೂಡಿಡುವವನಲ್ಲಿ ಏನು ಹುಡುಕುವುದು? ಅವನು ತನ್ನ ತುತ್ತನ್ನೇ ಕಡಿಮೆ ಮಾಡಿಕೊಂಡವನು. ಅಕ್ಕನೂ ಹಾಗೆಯೇ. ಹೋಟೆಲಿಗೆ ಹೋಗುವುದಿಲ್ಲ, ಊರಿಗೆ ಮೂರು ವರ್ಷಕ್ಕೊಮ್ಮೆ ಬರುತ್ತಾಳೆ. ದುರಾಸೆ ಎಂಬ ಮಾತು ಅವಳಿಗೆ ಅಂಟುವುದಿಲ್ಲ. ಆದ್ದರಿಂದಲೇ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಕೆಟ್ಟವರು ಯಾರೂ ಇಲ್ಲದ ಲೆಕ್ಕದಲ್ಲಿ ಒಬ್ಬ ಹೆಂಗಸು ಮನೆ ಬಿಟ್ಟು ಹೋದಳು.

ಹಣವನ್ನು ಮೂವತ್ತು ವರ್ಷ ಕೂಡಿಡಬಹುದು, ಕೆಲಸವನ್ನು ಕೂಡಿಡಲು ಆಗುವುದಿಲ್ಲ. 2045ರಲ್ಲಿ ಅಕ್ಕನಿಗೆ ಎಪ್ಪತ್ತು ತುಂಬುತ್ತದೆ. ಆ ದಿನ ಅವಳು ಉಣ್ಣುವ ಅನ್ನವನ್ನು ಆ ದಿನವೇ ಯಾರೋ ಬೇಯಿಸಬೇಕು. ಬಿದ್ದರೆ ಆ ಗಳಿಗೆಯಲ್ಲೇ ಯಾರೋ ಎತ್ತಬೇಕು. ಇಂದು ಅವಳು ಕೂಡಿಡುತ್ತಿರುವುದು ಆ ಅನ್ನವನ್ನಲ್ಲ, ಆ ಕೈಯನ್ನೂ ಅಲ್ಲ. ಆಗ ಯಾರದೋ ದುಡಿಮೆಯನ್ನು ಕೇಳುವ ಹಕ್ಕನ್ನು ಕೂಡಿಡುತ್ತಿದ್ದಾಳೆ. ಸೂಪರ್ ಖಾತೆ ಅಂಥ ಹಕ್ಕು, ಷೇರು ಅಂಥ ಹಕ್ಕು, ಬಾಡಿಗೆ ಮನೆಯಂತೂ ನೇರವಾಗಿ ಅಂಥ ಹಕ್ಕು. ಹೀಗಿರುವಾಗ ಯಾರಿಗೂ ಭಾರವಾಗದ ಮುಪ್ಪು ಎಂಬುದು ಇಲ್ಲವೇ ಇಲ್ಲ. ಭಾರ ಇಳಿಯುವುದಿಲ್ಲ, ಹೆಗಲು ಬದಲಾಗುತ್ತದೆ. ಅಕ್ಕ ತನ್ನ ಮಗನ ಹೆಗಲಿನಿಂದ ಇಳಿಸಿದ ಭಾರ, ಅವಳು ಒಮ್ಮೆಯೂ ನೋಡದ ಒಬ್ಬ ಕ್ಯಾಂಟೀನ್ ಕೆಲಸದವಳ ಹೆಗಲ ಮೇಲೆ ಹೋಗಿ ಕೂತಿತ್ತು.

ಹೀಗೆ ಹೇಳಿದಾಗ ನಮ್ಮವರಲ್ಲಿ ಕೆಲವರು ತಕ್ಷಣ ಊರಿನ ಕಡೆ ಕೈ ತೋರಿಸುತ್ತಾರೆ. ನಮ್ಮಲ್ಲಿ ಮಕ್ಕಳೇ ಪೆನ್ಷನ್ ಅಲ್ಲವೇ, ಅದೇ ಒಳ್ಳೆಯದಲ್ಲವೇ ಎನ್ನುತ್ತಾರೆ. ನಮ್ಮ ಅಪ್ಪ ಹೊಲಿಗೆ ಅಂಗಡಿಯವ. ಕೂಡಿಟ್ಟದ್ದು ಏನೂ ಇರಲಿಲ್ಲ. ಯಾರಾದರೂ ಕೇಳಿದರೆ ನಮ್ಮ ಅಣ್ಣನನ್ನೂ ನನ್ನನ್ನೂ ತೋರಿಸಿ "ನನ್ನ ಪೆನ್ಷನ್ ಇಲ್ಲೇ ಅದ" ಎಂದು ನಗುತ್ತಿದ್ದ. ಕೊನೆಯ ಮೂರು ವರ್ಷ ಅಪ್ಪ ಹಾಸಿಗೆ ಹಿಡಿದ. ಅಣ್ಣ ಅಂಗಡಿಯಲ್ಲಿರುತ್ತಿದ್ದ, ನಾನು ಪುಣೆಯಿಂದ ತಿಂಗಳಿಗೆ ಹಣ ಕಳಿಸುತ್ತಿದ್ದೆ, ಅಕ್ಕ ಮೆಲ್ಬರ್ನಿನಿಂದ ವಿಡಿಯೊ ಕಾಲ್ ಮಾಡುತ್ತಿದ್ದಳು. ಮೈ ಒರೆಸಿದ್ದು, ಬಟ್ಟೆ ಬದಲಿಸಿದ್ದು, ಗಂಜಿ ಉಣಿಸಿದ್ದು ವೈನಿ. ಅಪ್ಪ ಪೆನ್ಷನ್ ಎಂದು ತೋರಿಸಿದ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಅವಳನ್ನು ಯಾರೂ ಕೇಳಲೂ ಇಲ್ಲ. ಆ ವ್ಯವಸ್ಥೆಯನ್ನು ಮಮತೆ ಎಂದು ಕರೆದರೆ ಅರ್ಧ ನಿಜ ಹೇಳಿದಂತಾಗುತ್ತದೆ.

ಅಕ್ಕ ಅಲ್ಲಿ ಮಾಡುವ ಕೆಲಸ ವೃದ್ಧರ ಆರೈಕೆ. ಮೆಲ್ಬರ್ನಿನ ಆರೈಕೆ ಮನೆಯೊಂದರಲ್ಲಿ ದಿನಕ್ಕೆ ಏಳೆಂಟು ಮುದುಕರಿಗೆ ಸ್ನಾನ ಮಾಡಿಸುತ್ತಾಳೆ. ಆ ಮುದುಕರಲ್ಲಿ ಅನೇಕರು ಸ್ವಂತ ಮನೆ ಮಾರಿ, ಆ ಹಣವನ್ನು ಅಲ್ಲಿ ಕೋಣೆಗೆ ಠೇವಣಿಯಾಗಿ ಇಟ್ಟವರು. ಅವರ ಮಕ್ಕಳ ಹೆಗಲಿನ ಭಾರ ಹಾವೇರಿಯ ಮಗಳೊಬ್ಬಳ ಹೆಗಲಿಗೆ ಬಂತು. ತನ್ನ ಅಪ್ಪನ ಮೈ ಒರೆಸಲು ಅವಳಿಗೆ ಆಗಲಿಲ್ಲ. ಇಲ್ಲಿ ಒಂದು ವ್ಯತ್ಯಾಸವನ್ನು ಮರೆಯಬಾರದು. ಅಕ್ಕನಿಗೆ ಸಂಬಳ ಇದೆ, ರಜೆ ಇದೆ, ಸೂಪರ್ ಇದೆ, ಬೇಡವೆಂದರೆ ಕೆಲಸ ಬಿಡಬಹುದು. ವೈನಿಗೆ ಇವು ಯಾವುವೂ ಇರಲಿಲ್ಲ. ಆ ಬಾಡಿಗೆಯ ಹೆಂಗಸಿಗೆ ಇದ್ದ ಆಯ್ಕೆ ಒಂದೇ, ಮನೆ ಬಿಡುವುದು.

ನನ್ನ ಮಟ್ಟಿಗೆ ನೈತಿಕ ಪ್ರಶ್ನೆ ಈಗ ಬದಲಾಗಿದೆ. ಮುಪ್ಪಿನಲ್ಲಿ ನಾನು ಯಾರಿಗಾದರೂ ಭಾರವಾಗುತ್ತೇನೆಯೇ ಎಂದು ಕೇಳುವುದರಲ್ಲಿ ಹುರುಳಿಲ್ಲ, ಆಗಿಯೇ ಆಗುತ್ತೇನೆ. ಯಾರಿಗೆ, ಅವರಿಗೆ ಅದು ಗೊತ್ತಿದೆಯೇ, ಅದಕ್ಕೆ ಬದಲಾಗಿ ಅವರಿಗೆ ಏನು ಸಿಗುತ್ತದೆ, ಬೇಡವೆನ್ನುವ ಸ್ಥಿತಿಯಲ್ಲಿ ಅವರಿದ್ದಾರೆಯೇ ಎಂದು ಕೇಳಬೇಕು.

ಹೀಗೆ ಕೇಳಿದರೆ ಎಲ್ಲ ಉಳಿತಾಯವೂ ಒಂದೇ ಬಗೆಯದಲ್ಲ ಎಂದು ಕಾಣುತ್ತದೆ. ಹೊಸ ಮನೆ ಕಟ್ಟಲು ಹಣ ಹಾಕಿದವನು ಊರಿಗೆ ಒಂದು ಮನೆ ಸೇರಿಸುತ್ತಾನೆ. ಅಕ್ಕ ಕೊಂಡದ್ದು ಮೊದಲೇ ಇದ್ದ ಮನೆ. ಹರಾಜಿನಲ್ಲಿ ಅವಳ ಎದುರು ಕೂಗಿದವರಲ್ಲಿ ಮೊದಲ ಮನೆ ಹುಡುಕುತ್ತಿದ್ದ ಗಂಡ ಹೆಂಡತಿಯೂ ಇದ್ದರಂತೆ. ಆ ದಿನ ಊರಿಗೆ ಹೊಸ ಮನೆ ಬರಲಿಲ್ಲ. ಒಬ್ಬರು ಮಾಲೀಕರಾಗುವ ಬದಲು ಇನ್ನೊಬ್ಬರು ಎರಡು ಮನೆಯ ಮಾಲೀಕರಾದರು.

ಇದಕ್ಕೆ ನ್ಯಾಯವಾದ ಉತ್ತರವೊಂದಿದೆ: ಇದನ್ನು ಸರಿ ಮಾಡಬೇಕಾದ್ದು ಸರ್ಕಾರ, ನಿನ್ನ ಅಕ್ಕ ಅಲ್ಲ. ಈ ಮಾತಿನಲ್ಲಿ ಸತ್ಯ ಬಹಳ ಇದೆ. ಆ ದೇಶದಲ್ಲಿ ಮುಪ್ಪು ಮೂರು ಕಾಲಿನ ಮೇಲೆ ನಿಂತಿದೆ: ಸರ್ಕಾರದ ಪೆನ್ಷನ್, ಸೂಪರ್, ಸ್ವಂತ ಮನೆ. ಪೆನ್ಷನ್ ಕೊಡುವ ಮುಂಚೆ ಆಸ್ತಿ ಎಷ್ಟೆಂದು ನೋಡುತ್ತಾರೆ, ಆದರೆ ಇರುವ ಮನೆ ಎಷ್ಟೇ ಬೆಲೆ ಬಾಳಿದರೂ ಲೆಕ್ಕಕ್ಕೆ ಬರುವುದಿಲ್ಲ. ಮನೆ ಇಲ್ಲದವರಿಗೆ ಆಸ್ತಿ ಮಿತಿ ಒಂದಿಷ್ಟು ಹೆಚ್ಚು, ಬಾಡಿಗೆಗೆ ಒಂದಿಷ್ಟು ನೆರವು ಇದೆ. ಆದರೂ ಒಟ್ಟು ವ್ಯವಸ್ಥೆ ಮುದುಕರಿಗೆ ಸ್ವಂತ ಮನೆ ಇರುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ್ದು. ಮೂರನೆಯ ಕಾಲಿಲ್ಲದವರಿಗೆ ಉಳಿದೆರಡು ಸಾಲುವುದಿಲ್ಲ. ಹೆಂಗಸರಿಗೆ ಎರಡನೆಯ ಕಾಲೂ ಗಿಡ್ಡ. ಮಕ್ಕಳನ್ನು ಬೆಳೆಸಿದ ವರ್ಷಗಳಿಗೆ ಸೂಪರ್ ಇಲ್ಲ. ಒಬ್ಬ ಮಾಲೀಕನಿಂದ ತಿಂಗಳಿಗೆ 450 ಡಾಲರಿಗಿಂತ ಕಡಿಮೆ ದುಡಿದವರಿಗೆ ಸೂಪರ್ ಕಟ್ಟಬೇಕಿಲ್ಲ ಎಂಬ ನಿಯಮ 2022ರ ಜುಲೈ ತನಕ ಇತ್ತು. ಕ್ಯಾಂಟೀನಿನಲ್ಲಿ, ಅಂಗಡಿಯಲ್ಲಿ, ಬೇರೆಯವರ ಮನೆಯಲ್ಲಿ ಚೂರುಪಾರು ಕೆಲಸ ಮಾಡಿ ಬದುಕಿದವರು ಹೆಚ್ಚಾಗಿ ಹೆಂಗಸರೇ.

ಇವು ಕಾನೂನಿನ ಮಾತುಗಳು, ಬದಲಾಯಿಸಲು ಬರುವಂಥವು. 1985ರಲ್ಲಿ ಹಾಕ್ ಸರ್ಕಾರ ಬಾಡಿಗೆ ಮನೆಯ ನಷ್ಟವನ್ನು ಸಂಬಳದಿಂದ ಕಳೆಯುವುದನ್ನು ನಿಲ್ಲಿಸಿತ್ತು, 1987ರಲ್ಲಿ ಮತ್ತೆ ಬಿಟ್ಟುಕೊಟ್ಟಿತು. 2019ರ ಚುನಾವಣೆಯಲ್ಲಿ ಲೇಬರ್ ಪಕ್ಷ ಈ ರಿಯಾಯಿತಿಯನ್ನು ಹೊಸದಾಗಿ ಕಟ್ಟುವ ಮನೆಗಳಿಗಷ್ಟೇ ಇಡುತ್ತೇವೆ ಎಂದು ಹೇಳಿ ಸ್ಪರ್ಧಿಸಿ ಸೋತಿತು. ಆ ಸೋಲಿಗೆ ಕಾರಣ ಅದೊಂದೇ ಅಲ್ಲ. ಆದರೆ ಸರ್ಕಾರ ಮಾಡಬೇಕು ಎನ್ನುವಾಗ ಸರ್ಕಾರ ಎಂದರೆ ಯಾರು ಎಂಬುದನ್ನೂ ಕೇಳಬೇಕಾಗುತ್ತದೆ. ನನ್ನ ಜುಲೈ ಫೈಲುಗಳಲ್ಲಿರುವ ಬಸ್ ಚಾಲಕರು, ನರ್ಸುಗಳು ಮತ ಹಾಕಿಯೇ ಸರ್ಕಾರ ಆಗುತ್ತದೆ. ಕಾನೂನು ಬದಲಾಗುವ ತನಕ ನಾನು ಏನೂ ಮಾಡಲಾರೆ ಎನ್ನುವವನೇ, ಕಾನೂನು ಬದಲಿಸಲು ಹೊರಟಾಗ ನನ್ನ ಉಳಿತಾಯ ಮುಟ್ಟಬೇಡಿ ಎನ್ನುತ್ತಾನೆ.

ಮಾರ್ಕೆಟ್ ರೇಟು ಎಂಬ ಮಾತೂ ಹಾಗೆಯೇ. ಅದು ಮಳೆಯಂತೆ ಮೇಲಿನಿಂದ ಬಿದ್ದದ್ದೆಂದು ನಾನು ಅಕ್ಕನಿಗೆ ಹೇಳಿದೆ. ಆ 480 ಹುಟ್ಟಿದ್ದು ನನ್ನಂಥವರು ಅಕ್ಕನಂಥವರಿಗೆ ಕೊಟ್ಟ ಉತ್ತರಗಳಿಂದ. ಇಲ್ಲಿ ಪುಣೆಯಲ್ಲಿ ನಾನೂ ಬಾಡಿಗೆಯವನೇ, ಹನ್ನೊಂದು ತಿಂಗಳ ಅಗ್ರಿಮೆಂಟಿನವನು. ಕಳೆದ ಸಲ ಮನೆ ಮಾಲೀಕರು, ನಿವೃತ್ತರು, ಬಾಡಿಗೆ ಏರಿಸುವಾಗ ಹೇಳಿದರು: "ನಮ್ಮ ಮುಪ್ಪಿನ ಆಧಾರ ಇದೇ ಅಲ್ಲವೇ?" ಅವರ ಮುಪ್ಪಿನ ಒಂದು ಭಾಗವನ್ನು ನಾನು ಹೊತ್ತಿದ್ದೇನೆ ಎಂದು ಅಂದು ಮೊದಲ ಸಲ ತಿಳಿಯಿತು. ನನಗೆ ಸಂಬಳ ಇದೆ, ಹೊರಬಲ್ಲೆ. ಹೊರಲಾಗದವರನ್ನು ಗುರುತಿಸುವುದು ಹೇಗೆ? ಅದಕ್ಕೆ ಸೂತ್ರವಿಲ್ಲ. ಆ ಹೆಂಗಸು ಪತ್ರ ಬರೆದಿದ್ದಳು. ಎಷ್ಟು ಹೊರಬಲ್ಲೆ ಎಂದು ಅಂಕಿ ಹಾಕಿ ತಿಳಿಸಿದ್ದಳು. ನಾನು ಅದನ್ನು ಓದಿ ಲೆಕ್ಕದ ಹಾಳೆಗೆ ಹಿಂತಿರುಗಿದೆ.

ಹಾಗಾದರೆ ಅಕ್ಕ ಮನೆ ಮಾರಿಬಿಡಬೇಕೇ? ಅವಳು ಮಾರಿದರೆ ಕೊಳ್ಳುವವನು 520 ಕೇಳಬಹುದು. ಅವಳ ಭಯವೂ ನಿಜ, ಮಗನ ಮೇಲೆ ಬೀಳಬಾರದೆಂಬ ಛಲವೂ ನಿಜ. ನಾನು ಅವಳಿಗೆ ದಾನ ಮಾಡೆನ್ನಲಾರೆ. ಈ ವರ್ಷ ಏಜೆಂಟ್ ಮತ್ತೆ 20 ಡಾಲರ್ ಏರಿಸಿ ಎಂದು ಬರೆದಾಗ ಅಕ್ಕ ಫೋನ್ ಮಾಡಿದಳು. ಈ ಸಲ ನಾನು ಮೊದಲು ಕೇಳಿದೆ: "ಅಲ್ಲಿ ಯಾರಿದ್ದಾರ?" ಅವಳಿಗೆ ಗೊತ್ತಿರಲಿಲ್ಲ. ಏಜೆಂಟನನ್ನು ಕೇಳಿ ತಿಳಿದುಕೊಂಡಳು. ಇಬ್ಬರೂ ದುಡಿಯುವ ಹರೆಯದ ಜೋಡಿ. ತನ್ನ ಖರ್ಚು ಏರಿದಷ್ಟು, 10 ಡಾಲರ್ ಮಾತ್ರ ಏರಿಸಿ, ಎರಡು ವರ್ಷದ ಕರಾರು ಮಾಡಿಕೊಟ್ಟಳು. ಸಣ್ಣ ಮಾತು. ನಿಂಬೆ ಗಿಡ ನೆಟ್ಟವಳಿಗೆ ಇದರಿಂದ ಏನೂ ಬರಲಿಲ್ಲ.

ಅವಳ ಸಾಲ ತೀರಿಸಲು ನಮಗೆ ದಾರಿಯಿಲ್ಲ. ದಾರಿಯಿರುವ ಇನ್ನೊಂದು ಸಾಲ ಹಾವೇರಿಯಲ್ಲಿತ್ತು. ಅಕ್ಕನೂ ನಾನೂ ಮಾತಾಡಿಕೊಂಡು ವೈನಿಯ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಪಿಪಿಎಫ್ ಖಾತೆ ತೆರೆಸಿದೆವು. ತಿಂಗಳಿಗೆ ಇಷ್ಟು ಎಂದು ಅವಳಿಗೆ ಕಳಿಸುತ್ತೇವೆ, ಅವಳು ಕಟ್ಟುತ್ತಾಳೆ. ಹದಿನೈದು ವರ್ಷ ಬೇಕು. ಅಷ್ಟರಲ್ಲಿ ಅವಳಿಗೆ ಅರವತ್ತೆಂಟು. ಪಾಸ್‌ಬುಕ್ ಬಂದ ದಿನ ಫೋನ್ ಮಾಡಿ ವೈನಿ ಕೇಳಿದಳು: "ಇದು ಈಗ್ಯಾಕ ಬೇಕಿತ್ತು? ಮಾವಾರು ತೀರಿಕೊಂಡು ಆರು ವರ್ಷ ಆತಲ್ಲ."

ತಡವಾಯಿತು ವೈನಿ ಎಂದೆ. ಅದಕ್ಕಿಂತ ಸರಿಯಾದ ಉತ್ತರ ನನ್ನಲ್ಲಿ ಇರಲಿಲ್ಲ.